ಕದಿಯದ ಹಾಡಿಗೆ ಕಳ್ಳನ ಪಟ್ಟ

ನೀವು ಹಾವೇರಿ ತಾಲೂಕಿನ ಹೊಸರಿತ್ತಿಯವರೆಂದು ಒಂದು ಕ್ಷಣ ಭಾವಿಸಿಕೊಳ್ಳಿರಿ. ಅದು ವರದಾ ನದಿಯ ದಂಡೆಯ ಊರು. 1943ರ ಏಪ್ರಿಲ್ 1ರಂದು ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರು ಗುಂಡೇಟಿಗೆ ಬಲಿಯಾದ ಊರು. ಅಲ್ಲಿ ನಿಮ್ಮದೊಂದು ಸಾಧಾರಣ ಮನೆ. ಮನೆಗೆ ಇಂಟರ್‌ನೆಟ್ ಇದೆ. ಸಂಪರ್ಕ ನಿಮ್ಮ ಹೆಸರಿನಲ್ಲಿದೆ, ಬಿಲ್ಲು ಕಟ್ಟುವವರು ನೀವು. ಮಗ ಅದರಲ್ಲಿ ಪಾಠ ಕೇಳುತ್ತಾನೆ, ಮಗಳು ಅರ್ಜಿ ತುಂಬುತ್ತಾಳೆ, ಪಕ್ಕದ ಮನೆಯ ಹುಡುಗ ಬಂದು "ಕಾಕಾ, ಪಾಸ್‌ವರ್ಡ್ ಹೇಳ್ರಿ" ಎಂದರೆ ನೀವು ಹೇಳಿಬಿಡುತ್ತೀರಿ. ನೆರೆಯವನಿಗೆ ನೀರು ಕೊಟ್ಟಂತೆ ಇದೂ ಒಂದು ಎಂದು ನಿಮ್ಮ ಎಣಿಕೆ.

ಒಂದು ದಿನ ನಿಮ್ಮ ಹೆಸರಿಗೆ ನೋಟೀಸು ಬರುತ್ತದೆ. ಇಂಥ ದಿನ, ಇಂಥ ಗಂಟೆಗೆ, ಇಂಥ ಚಿತ್ರದ ಹಾಡುಗಳನ್ನು ನೀವು ಅಕ್ರಮವಾಗಿ ಡೌನ್‌ಲೋಡ್ ಮಾಡಿಕೊಂಡು ಇತರರಿಗೆ ಹಂಚಿದ್ದೀರಿ ಎಂದು ಅದರಲ್ಲಿ ಬರೆದಿದೆ. ಆ ಚಿತ್ರದ ಹೆಸರನ್ನೇ ನೀವು ಕೇಳಿಲ್ಲ. ಈಗ ಏನು ಹೇಳುವಿರಿ? "ನಾನು ಮಾಡಿಲ್ಲ" ಎನ್ನುವಿರಿ. ಕಳ್ಳನೂ ಅದನ್ನೇ ಹೇಳುತ್ತಾನೆ ಎಂದು ಎದುರಿನವರು ನಗುವರು. ಮಾಡಿದ್ದನ್ನು ತೋರಿಸಬಹುದು. ಮಾಡದೇ ಇದ್ದುದನ್ನು ತೋರಿಸುವುದು ಹೇಗೆ?

ಇದು ಬರೇ ಕಲ್ಪನೆ ಎಂದು ತಳ್ಳಿಹಾಕದಿರಿ. ಅಮೆರಿಕದಲ್ಲಿ ಧ್ವನಿಮುದ್ರಣ ಕಂಪೆನಿಗಳ ಸಂಘವು 2003ರ ಸೆಪ್ಟೆಂಬರ್‌ನಲ್ಲಿ ಒಂದೇ ದಿನ 261 ಮಂದಿಯ ಮೇಲೆ ದಾವೆ ಹೂಡಿತು. 2008ರ ಕೊನೆಯಲ್ಲಿ ಈ ನೀತಿಯನ್ನು ಕೈಬಿಡುವಷ್ಟರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಅದರ ಬಲೆಗೆ ಬಿದ್ದಿದ್ದರು. ಅವರಲ್ಲಿ ಅಪರಾಧ ಎಸಗಿದವರು ಖಂಡಿತ ಇದ್ದರು. ಆದರೆ ಅರುವತ್ತು ದಾಟಿದ ಒಬ್ಬ ಶಿಲ್ಪಿ ಮಹಿಳೆಯೂ ಇದ್ದಳು. ಯಾವ ತಂತ್ರಾಂಶದಿಂದ ಹಾಡು ಇಳಿಸಿಕೊಂಡಳೆಂದು ಆರೋಪಿಸಿದ್ದರೋ ಆ ತಂತ್ರಾಂಶವು ಆಕೆಯ ಬಳಿಯಿದ್ದ ಜಾತಿಯ ಕಂಪ್ಯೂಟರಿನಲ್ಲಿ ನಡೆಯುತ್ತಲೇ ಇರಲಿಲ್ಲ. ದಾವೆ ಹಿಂತೆಗೆಯಲಾಯಿತು. ಆದರೆ ಬೇಕಾದರೆ ಮತ್ತೆ ಹೂಡುವ ಹಕ್ಕನ್ನು ಕಾದಿರಿಸಿಕೊಂಡೇ ಹಿಂತೆಗೆದರು. 2005ರಲ್ಲಿ ಮತ್ತೊಬ್ಬ ವೃದ್ಧೆಯ ಮೇಲೆ ದಾವೆ ಬಿತ್ತು. ಎಂಬತ್ತಮೂರರ ಆ ಅಜ್ಜಿ ಅದಕ್ಕೆ ಮುಂಚಿನ ಡಿಸೆಂಬರ್‌ನಲ್ಲೇ ತೀರಿಕೊಂಡಿದ್ದಳು. ನನ್ನ ತಾಯಿಗೆ ಕಂಪ್ಯೂಟರ್ ಎಂದರೇ ಆಗುತ್ತಿರಲಿಲ್ಲ ಎಂದು ಮಗಳು ಹೇಳಬೇಕಾಯಿತು.

ಹಾಗಾದರೆ ಇವರೆಲ್ಲ ನ್ಯಾಯಾಲಯದಲ್ಲಿ ಹೋರಾಡಿ ಗೆಲ್ಲಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಲ್ಲಿನ ಕಾನೂನಿನ ಪ್ರಕಾರ ಒಂದೊಂದು ಕೃತಿಗೆ 750 ಡಾಲರಿನಿಂದ 30,000 ಡಾಲರಿನ ತನಕ ಪರಿಹಾರ ವಿಧಿಸಬಹುದು. ಉದ್ದೇಶಪೂರ್ವಕವೆಂದು ಕಂಡರೆ 1,50,000 ಡಾಲರಿನ ತನಕ. ವಕೀಲರ ಶುಲ್ಕ ಬೇರೆ. ಆದ್ದರಿಂದ ಕೆಲವು ಸಾವಿರ ಡಾಲರು ಕೊಟ್ಟು ಬಹುಪಾಲು ಮಂದಿ ರಾಜಿಯಾದರು. ಅವರಲ್ಲಿ ಎಷ್ಟು ಮಂದಿ ತಪ್ಪಿಗೆ ತೆತ್ತರು, ಎಷ್ಟು ಮಂದಿ ಭಯಕ್ಕೆ ತೆತ್ತರು? ಅದನ್ನು ಬಲ್ಲವನು ಅಲ್ಲಾಹನೊಬ್ಬನೇ. ದುರ್ಬಲನು ದುಡ್ಡು ಕೊಟ್ಟು ಸುಮ್ಮನಾದರೆ ಅದನ್ನು ತಪ್ಪೊಪ್ಪಿಗೆ ಎಂದು ಎಣಿಸುವುದು ಅನ್ಯಾಯ.

ಇನ್ನು ನಮ್ಮ ರಾಜ್ಯದ ಕಡೆಗೆ ಬರೋಣ. 2007ರ ಆಗಸ್ಟ್ ಕೊನೆಯಲ್ಲಿ ಪುಣೆಯ ಪೊಲೀಸರು ಬೆಂಗಳೂರಿಗೆ ಬಂದು ಒಬ್ಬ ಯುವ ಕಂಪ್ಯೂಟರ್ ಉದ್ಯೋಗಿಯನ್ನು ಬಂಧಿಸಿದರು. ಅಲ್ಲಿ ಹಾಡಿನ ವಿಷಯವಿರಲಿಲ್ಲ. ಆರ್ಕುಟ್ ಎಂಬ ಅಂದಿನ ಜಾಲತಾಣದಲ್ಲಿ ಶಿವಾಜಿಯನ್ನು ಅವಮಾನಿಸುವ ಚಿತ್ರ ಹಾಕಿದನೆಂಬುದು ಆರೋಪ. ಆದರೆ ಸಾಕ್ಷ್ಯ ಮಾತ್ರ ಹಾಡಿನ ಪ್ರಕರಣಗಳದ್ದೇ. ಐಪಿ ವಿಳಾಸ ಎಂಬ ಒಂದು ಸಂಖ್ಯೆ. ಆ ಹೊತ್ತಿನಲ್ಲಿ ಆ ಸಂಖ್ಯೆ ಯಾರದ್ದಾಗಿತ್ತು ಎಂದು ಇಂಟರ್‌ನೆಟ್ ಒದಗಿಸುವ ಕಂಪೆನಿಯನ್ನು ಪೊಲೀಸರು ಕೇಳಿದರು. ಕಂಪೆನಿ ಈ ಯುವಕನ ಹೆಸರು ಕೊಟ್ಟಿತು. ಆ ಮಾಹಿತಿಯೇ ತಪ್ಪಾಗಿತ್ತು. ಅದು ತಿಳಿದು ಅವನು ಬಿಡುಗಡೆಯಾಗುವಷ್ಟರಲ್ಲಿ ಸುಮಾರು ಐವತ್ತು ದಿನಗಳನ್ನು ಜೈಲಿನಲ್ಲಿ ಕಳೆದಾಗಿತ್ತು. ಯಾರೂ ಅವನ ಮೇಲೆ ದ್ವೇಷದಿಂದ ಸುಳ್ಳು ಹೇಳಿರಲಿಲ್ಲ ಎಂಬುದನ್ನು ಗಮನಿಸಿರಿ. ಒಬ್ಬರು ಒಂದು ಸಾಲನ್ನು ತಪ್ಪಾಗಿ ನೋಡಿದರು, ಇನ್ನೊಬ್ಬರು ಅದನ್ನು ಪರಿಶೀಲಿಸದೆ ನಂಬಿದರು. ಒಂದು ಜೀವವನ್ನು ಜೈಲಿಗೆ ತಳ್ಳಲು ಅಷ್ಟೇ ಸಾಕಾಯಿತು.

ಈ ಸಂಖ್ಯೆ ಎಂದರೇನು? ಇಂಟರ್‌ನೆಟ್‌ಗೆ ಸೇರಿದ ಪ್ರತಿಯೊಂದು ಸಂಪರ್ಕಕ್ಕೂ ಒಂದು ಸಂಖ್ಯೆ ಬೇಕು. ಹಳೆಯ ಪದ್ಧತಿಯಲ್ಲಿ ಇಡೀ ಜಗತ್ತಿಗೆ ಇಂಥ ಸಂಖ್ಯೆಗಳು ಸುಮಾರು 430 ಕೋಟಿ ಮಾತ್ರ. ಅದು ಸಾಲದ್ದರಿಂದ ಒಂದೇ ಸಂಖ್ಯೆಯನ್ನು ಏಕಕಾಲದಲ್ಲಿ ಎಷ್ಟೋ ಗಿರಾಕಿಗಳಿಗೆ ಹಂಚುತ್ತಾರೆ. ಇಂದು ನಿಮ್ಮದಾಗಿದ್ದ ಸಂಖ್ಯೆ ನಾಳೆ ರಾಣೆಬೆನ್ನೂರಿನ ಒಬ್ಬರದ್ದಾಗಬಹುದು. ಆದ್ದರಿಂದ ದಿನಾಂಕದ ಜೊತೆ ಗಂಟೆ, ನಿಮಿಷ, ಸೆಕೆಂಡು ಸರಿಯಾಗಿರಬೇಕು. ಕಂಪ್ಯೂಟರಿನ ದಾಖಲೆಗಳು ಎಷ್ಟೋ ಸಲ ಜಾಗತಿಕ ಸಮಯದಲ್ಲಿರುತ್ತವೆ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ದಾಖಲೆಯಲ್ಲಿ ರಾತ್ರಿ 9 ಎಂದಿದ್ದರೆ ಹೊಸರಿತ್ತಿಯಲ್ಲಿ ಆಗ ನಸುಕಿನ 2.30. ಇಷ್ಟನ್ನು ಮರೆತರೆ ಸಾಕು, ನಿದ್ರಿಸುತ್ತಿದ್ದವನು ಕಳ್ಳನಾಗುತ್ತಾನೆ. ಎಲ್ಲವೂ ಸರಿಯಾಗಿಯೇ ಇದ್ದರೂ ಆ ಸಂಖ್ಯೆಯು ತೋರಿಸುವುದು ಒಂದು ಸಂಪರ್ಕವನ್ನು. ಆ ಸಂಪರ್ಕದ ತುದಿಯಲ್ಲಿ ಯಾರ ಬೆರಳಿತ್ತು ಎಂಬುದನ್ನು ಅದು ಹೇಳಲಾರದು. 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದಾಗ, ಕಾಗದ ಮುದ್ರಿಸುವ ಪ್ರಿಂಟರುಗಳ ಹೆಸರಿಗೂ ಅಕ್ರಮ ಡೌನ್‌ಲೋಡಿನ ದೂರು ಬಂದಿತ್ತು. ಹಾಡು ಕೇಳಲು ಪ್ರಿಂಟರಿಗೆ ಕಿವಿಯಿದೆಯೇ?

ಬಾಗಿಲ ತನಕ ಬಂದ ಸುಳಿವನ್ನು ಸಾಕ್ಷ್ಯವೆಂದು ನಂಬಬಾರದೆಂಬ ಪಾಠ ಇಂದು ಹುಟ್ಟಿದ್ದಲ್ಲ. ಪ್ರವಾದಿ(ಸ)ರ ಕಾಲದ ಮದೀನದಲ್ಲಿ ನಡೆದ ಒಂದು ಘಟನೆಯನ್ನು ಕುರ್‌ಆನ್ ವ್ಯಾಖ್ಯಾನಕಾರರು ದಾಖಲಿಸಿದ್ದಾರೆ. ಬನೂ ಝಫರ್ ಗೋತ್ರದ ತುಅಮಾ ಎಂಬವನು ನೆರೆಯವನ ಕವಚವನ್ನು ಕದ್ದನು. ಕವಚವು ಹಿಟ್ಟಿನ ಚೀಲದಲ್ಲಿತ್ತು. ಚೀಲ ತೂತಾಗಿತ್ತು. ಹಿಟ್ಟು ದಾರಿಯುದ್ದಕ್ಕೂ ಸೋರಿತು. ಕವಚವನ್ನು ಅವನು ಒಬ್ಬ ಯಹೂದಿಯ ಮನೆಯಲ್ಲಿ ಇರಿಸಿದನು. ಹುಡುಕುವವರು ಹಿಟ್ಟಿನ ಜಾಡು ಹಿಡಿದು ಹೋದಾಗ ಸೊತ್ತು ಯಹೂದಿಯ ಮನೆಯಲ್ಲಿ ಸಿಕ್ಕಿತು. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕೇ? ದಾರಿಯಲ್ಲಿ ಗುರುತು, ಮನೆಯಲ್ಲಿ ಸೊತ್ತು, ಆರೋಪಿಯು ಪರಕೀಯ. ತುಅಮಾನ ಗೋತ್ರದವರು ಬಂದು ನಮ್ಮವನ ಪರವಾಗಿ ಮಾತಾಡಿರಿ ಎಂದು ಪ್ರವಾದಿ(ಸ)ರಲ್ಲಿ ವಾದಿಸಿದರು. ಆಗ ಅನ್ನಿಸಾ ಅಧ್ಯಾಯದ 105ನೆಯ ಸೂಕ್ತದಿಂದ ಮುಂದಿನ ಸೂಕ್ತಗಳು ಅವತೀರ್ಣಗೊಂಡವು. ವಂಚಕರ ಪರ ವಕಾಲತ್ತು ಮಾಡಬಾರದೆಂದೂ, ತಾನು ಮಾಡಿದ ಪಾಪವನ್ನು ನಿರಪರಾಧಿಯ ಮೇಲೆ ಹೊರಿಸುವವನು ಮಿಥ್ಯಾರೋಪದ ಮತ್ತು ಸ್ಪಷ್ಟ ಪಾಪದ ಹೊರೆಯನ್ನು ಹೊತ್ತುಕೊಳ್ಳುವನೆಂದೂ ಅವು ಸಾರಿದವು. ಯಹೂದಿಯು ನಿರಪರಾಧಿಯಾದನು, ಮುಸ್ಲಿಮನೆಂದು ಹೇಳಿಕೊಂಡವನು ಅಪರಾಧಿಯಾದನು.

ಇಲ್ಲಿ ನಾವು ನಮ್ಮ ಎದೆ ಮುಟ್ಟಿಕೊಂಡು ನೋಡಬೇಕು. ನಮ್ಮ ಹುಡುಗರನ್ನು ಸುಮ್ಮನೆ ಸಂಶಯಿಸಿದಾಗ ನಾವು ನೊಂದುಕೊಳ್ಳುತ್ತೇವೆ, ಅದು ಸಹಜ. ಆದರೆ ಬೇರೆಯವರ ಹುಡುಗನ ಮೇಲೆ ಸಂಶಯ ಬಂದಾಗ ಅದೇ ನೋವು ನಮಗಾಗುತ್ತದೆಯೇ? ನ್ಯಾಯವು ನಮ್ಮವರಿಗೊಂದು, ಪರರಿಗೊಂದು ಆಗುವುದಾದರೆ ನಾವು ಬನೂ ಝಫರ್ ಗೋತ್ರದವರಿಗಿಂತ ಹೇಗೆ ಭಿನ್ನರು?

ಎರಡು ಆಕ್ಷೇಪಗಳು ನಿಮ್ಮ ಮನಸ್ಸಿನಲ್ಲಿ ಏಳಬಹುದು. ಮೊದಲನೆಯದು: ಇಂದು ಯಾರು ತಾನೇ ಹಣ ಕೊಟ್ಟು ಹಾಡು ಕೇಳುತ್ತಾರೆ? ಅವನು ಈ ಹಾಡನ್ನಲ್ಲದಿದ್ದರೆ ಇನ್ನೊಂದನ್ನು ಇಳಿಸಿಕೊಂಡಿರುತ್ತಾನೆ, ಶಿಕ್ಷೆಯಾದರೆ ಆಗಲಿ ಬಿಡಿ. ಈ ಮಾತು ಚುರುಕಾಗಿ ಕೇಳಿಸುತ್ತದೆ, ಆದರೆ ಇದರೊಳಗೆ ವಿಷವಿದೆ. ಒಬ್ಬ ರೈತ ಎಂದೋ ಯಾರದೋ ಹೊಲದ ಬದು ಒತ್ತಿರಬಹುದು. ಅಷ್ಟಕ್ಕೇ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಕಳೆದುಹೋದ ಮೆಣಸಿನಕಾಯಿ ಚೀಲವನ್ನು ಅವನ ತಲೆಗೆ ಕಟ್ಟಬಹುದೇ? ಆರೋಪವು ಒಂದು ನಿರ್ದಿಷ್ಟ ಕೃತ್ಯದ ಕುರಿತಾಗಿರುತ್ತದೆ. ಆ ಕೃತ್ಯ ನಡೆಸಿಲ್ಲವಾದರೆ ಅವನು ಅದರ ಮಟ್ಟಿಗೆ ನಿರಪರಾಧಿ. ಅವನ ಉಳಿದ ತಪ್ಪುಗಳು ಅವನ ಮತ್ತು ಅವನ ಪ್ರಭುವಿನ ನಡುವಿನ ಲೆಕ್ಕ. ಹಾಗಿಲ್ಲವಾದರೆ ನಮ್ಮಲ್ಲಿ ಯಾರು ತಾನೇ ಜೈಲಿನ ಹೊರಗಿರಲು ಅರ್ಹರು?

ಎರಡನೆಯ ಆಕ್ಷೇಪ ನಮ್ಮ ಧಾರ್ಮಿಕ ವಲಯದ್ದು. ಹಾಡು, ಸಂಗೀತದ ಗೀಳೇ ಒಳ್ಳೆಯದಲ್ಲ, ಅದರ ಬೆನ್ನು ಹತ್ತಿದವನು ಸಿಕ್ಕಿಬಿದ್ದರೆ ಮರುಗುವುದೇಕೆ? ಸಂಗೀತದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ನಿಮಗೆ ಇಷ್ಟವಿಲ್ಲದ್ದನ್ನು ಇಷ್ಟಪಡುವವನು ಕಳ್ಳನಾಗುವುದಿಲ್ಲ. ಒಬ್ಬನ ಅಭಿರುಚಿಯ ಮೇಲಿನ ಅಸಮಾಧಾನವು ಅವನ ಮೇಲಿನ ಸಾಕ್ಷ್ಯವಾಗಿ ಬದಲಾಗುವ ಕ್ಷಣದಲ್ಲೇ ನಮ್ಮ ನ್ಯಾಯಬುದ್ಧಿ ಸತ್ತಿರುತ್ತದೆ.

ಹಾಗೆಂದು ಪರರ ದುಡಿಮೆಯನ್ನು ಕದಿಯುವುದು ಸಣ್ಣ ವಿಷಯವೆಂದು ನಾನು ಹೇಳುತ್ತಿಲ್ಲ. ಕೃತಿಸ್ವಾಮ್ಯವೂ ರಕ್ಷಣಾರ್ಹ ಸೊತ್ತು ಎಂದು ಇಸ್ಲಾಮೀ ಕರ್ಮಶಾಸ್ತ್ರ ಅಕಾಡೆಮಿಯು 1988ರಲ್ಲೇ ಕುವೈತಿನಲ್ಲಿ ತೀರ್ಮಾನಿಸಿದೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 63ನೆಯ ವಿಧಿಯಂತೆ ತಪ್ಪಿತಸ್ಥನಿಗೆ ಆರು ತಿಂಗಳಿನಿಂದ ಮೂರು ವರ್ಷಗಳ ತನಕ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿಗಳ ತನಕ ದಂಡವಿದೆ. ಈ ಅಪರಾಧಕ್ಕೆ ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದು, ಇದು ಜಾಮೀನುರಹಿತ ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕರ್ನಾಟಕವಂತೂ 2014ರಲ್ಲಿ ಗೂಂಡಾ ಕಾಯಿದೆಗೆ ತಿದ್ದುಪಡಿ ತಂದು, ವ್ಯಾಪಾರಕ್ಕಾಗಿ ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಡಿಜಿಟಲ್ ಅಪರಾಧಿಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಆ ಕಾಯಿದೆಯಡಿ ವಿಚಾರಣೆ ನಡೆಯುವ ಮುನ್ನವೇ ಒಂದು ವರ್ಷದ ತನಕ ಬಂಧನದಲ್ಲಿಡಬಹುದು. ಸೊತ್ತಿನ ರಕ್ಷಣೆ ಬೇಕು. ಆದರೆ ಖಡ್ಗವು ಹರಿತವಾದಷ್ಟೂ ಅದನ್ನು ಹಿಡಿದ ಕೈ ಹೆಚ್ಚು ಎಚ್ಚರವಾಗಿರಬೇಕಲ್ಲವೇ? ಪುರಾವೆ ಒದಗಿಸುವ ಹೊಣೆ ಆರೋಪ ಹೊರಿಸುವವನದ್ದು ಎಂದು ಪ್ರವಾದಿ(ಸ) ಕಲಿಸಿದರು. ತಾನು ನಿರಪರಾಧಿಯೆಂದು ತೋರಿಸುವ ಹೊಣೆಯನ್ನು ನಿರಪರಾಧಿಯ ಹೆಗಲಿಗೇರಿಸಿದರೆ ಈ ನಿಯಮವೇ ತಲೆಕೆಳಗಾಗುತ್ತದೆ.

ಪ್ರವಾದಿ ಯೂಸುಫ್(ಅ)ರ ಅಂಗಿಯನ್ನು ನೆನಪಿಸಿಕೊಳ್ಳಿರಿ. ಅಂಗಿ ಹರಿದಿತ್ತು. ಆರೋಪ ಹೊರಿಸಲು ಅಷ್ಟೇ ಸಾಕಾಗಿತ್ತು. ಆದರೆ ಆ ಮನೆಯವರಲ್ಲೇ ಒಬ್ಬ ವಿವೇಕಿಯು, ಅದು ಮುಂದಿನಿಂದ ಹರಿದಿದೆಯೋ ಹಿಂದಿನಿಂದಲೋ ನೋಡಿರಿ ಎಂದನು. ಹಿಂದಿನಿಂದ ಹರಿದಿತ್ತು. ಆರೋಪದ ಸಾಕ್ಷ್ಯವೇ ನಿರಪರಾಧಿತ್ವದ ಸಾಕ್ಷ್ಯವಾಯಿತು. ಅವನು ಹೊಸ ಪುರಾವೆಯನ್ನೇನೂ ತರಲಿಲ್ಲ. ಇದ್ದುದನ್ನು ಇನ್ನೊಮ್ಮೆ ತಿರುಗಿಸಿ ನೋಡುವ ತಾಳ್ಮೆ ತೋರಿದನು, ಅಷ್ಟೆ. ಬೆಂಗಳೂರಿನ ಆ ಯುವಕನ ವಿಷಯದಲ್ಲಿ ಅಂಥ ಒಬ್ಬನು ಇದ್ದಿದ್ದರೆ, ಆ ಸಂಖ್ಯೆಯನ್ನು ಇನ್ನೊಮ್ಮೆ ನೋಡೋಣ ಎಂದಿದ್ದರೆ, ಐವತ್ತು ದಿನಗಳು ಉಳಿಯುತ್ತಿದ್ದವು.

ಆದ್ದರಿಂದ ಸಹೋದರ ಸಹೋದರಿಯರೇ, ನಿಮ್ಮ ಮೇಲೆಯೇ ಇಂಥ ಆರೋಪ ಬಂದರೆ ಭಯದಿಂದ ಮಾಡದ್ದನ್ನು ಒಪ್ಪಿಕೊಳ್ಳದಿರಿ. ಯಾವ ದಿನ, ಯಾವ ಗಂಟೆ, ಯಾವ ದೇಶದ ಸಮಯ ಎಂದು ಲಿಖಿತವಾಗಿ ಕೇಳಿರಿ, ಬಲ್ಲ ವಕೀಲರ ಸಲಹೆ ಪಡೆಯಿರಿ. ಆದರೆ ನಿಮ್ಮನ್ನು ಪಾರುಮಾಡಿಕೊಳ್ಳುವ ಆತುರದಲ್ಲಿ, ಪಾಸ್‌ವರ್ಡ್ ಕೇಳಲು ಬಂದ ಆ ನೆರೆಯ ಹುಡುಗನತ್ತ ಬೆರಳು ತೋರಿಸುವ ಮುನ್ನ ನೂರು ಸಲ ಯೋಚಿಸಿರಿ. ಅವನಿಗೆ ಪಾಸ್‌ವರ್ಡ್ ಗೊತ್ತಿತ್ತು ಎಂಬುದು ನಿಜ. ಅವನೇ ಮಾಡಿದನೆಂಬುದು ನಿಮ್ಮ ಗುಮಾನಿ. ನಿಜವನ್ನಷ್ಟೇ ಹೇಳಿರಿ, ಗುಮಾನಿಯನ್ನು ನುಂಗಿಕೊಳ್ಳಿರಿ. ಗುಮಾನಿಗಳಲ್ಲಿ ಕೆಲವು ಪಾಪಗಳಾಗಿವೆ ಎಂದು ಅಲ್‌ಹುಜುರಾತ್ ಅಧ್ಯಾಯವು ಎಚ್ಚರಿಸಿರುವುದು ಇಂಥ ಗಳಿಗೆಗಾಗಿಯೇ. ಅನ್ಯಾಯಕ್ಕೊಳಗಾದವನು ಅದೇ ಅನ್ಯಾಯವನ್ನು ಮತ್ತೊಬ್ಬನಿಗೆ ದಾಟಿಸಿದರೆ ಅವನು ಎಲ್ಲಕ್ಕಿಂತ ದೊಡ್ಡದನ್ನು ಕಳಕೊಂಡನು.

ನೋಟೀಸು ಬಂದದ್ದು ನಿಮ್ಮ ಮನೆಗಲ್ಲ, ಎದುರು ಮನೆಗೆ ಎಂದಾದರೆ? ನಿಜವಾದ ಪರೀಕ್ಷೆ ಅಲ್ಲಿದೆ. ಸಂಜೆ ಚಹಾದಂಗಡಿಯಲ್ಲಿ ಯಾರೋ "ಗೊತ್ತಾಯ್ತಾ, ಅವರ ಮಗ ಕಳ್ಳತನದಾಗ ಸಿಕ್ಕ್ಯಾನಂತ" ಎನ್ನುತ್ತಾರೆ. ನೀವು ಅದನ್ನು ಮನೆಗೆ ಒಯ್ಯುತ್ತೀರಿ, ಮನೆಯಿಂದ ಅದು ಬೀಗರ ಊರಿಗೆ ಹೋಗುತ್ತದೆ. ತಿಂಗಳ ಮೇಲೆ ಆ ಹುಡುಗ ನಿರಪರಾಧಿಯೆಂದು ತೀರ್ಮಾನವಾಗುತ್ತದೆ. ಆದರೆ ಆ ಸುದ್ದಿಯನ್ನು ಬೀಗರ ಊರಿಗೆ ಒಯ್ಯುವವರು ಯಾರು? ಆರೋಪ ಕುದುರೆಯೇರಿ ಹೋಗುತ್ತದೆ, ಖುಲಾಸೆ ಕುಂಟುತ್ತ ಬರುತ್ತದೆ. ಕೇಳಿದ್ದೆಲ್ಲವನ್ನೂ ಹೇಳುತ್ತ ತಿರುಗುವುದು ಒಬ್ಬನನ್ನು ಸುಳ್ಳುಗಾರನನ್ನಾಗಿಸಲು ಸಾಕೆಂಬ ಪ್ರವಾದಿ(ಸ)ರ ಎಚ್ಚರಿಕೆಯನ್ನು ಮರೆಯದಿರಿ. ಎಷ್ಟು ಮಂದಿಯ ಮುಂದೆ ಆರೋಪವನ್ನು ಹೇಳಿದ್ದೆವೋ ಅಷ್ಟೇ ಮಂದಿಯ ಮುಂದೆ ನಾನು ಹೇಳಿದ್ದು ತಪ್ಪಾಗಿತ್ತು ಎಂದು ಹೇಳುವುದು ನಮ್ಮ ಮೇಲಿನ ಸಾಲ. ಹಾಡು ಕದ್ದರೆ ಅದರ ಬೆಲೆಯನ್ನಾದರೂ ತೀರಿಸಬಹುದು. ಮಾನ ಕದ್ದರೆ ಅದನ್ನು ತೀರಿಸುವ ನಾಣ್ಯ ನಮ್ಮ ಕಿಸೆಯಲ್ಲಿಲ್ಲ. ಅದರ ಲೆಕ್ಕ ನಡೆಯುವುದು, ಸಂಖ್ಯೆಗಳೂ ಸಮಯಗಳೂ ಎಂದಿಗೂ ತಪ್ಪಾಗದ ಒಂದು ನ್ಯಾಯಾಲಯದಲ್ಲಿ. ಅಲ್ಲಿಗೆ ಹೋಗುವ ಮುನ್ನ, ಇಂದು ಸಂಜೆಯೇ ಎದುರು ಮನೆಯ ಬಾಗಿಲು ತಟ್ಟಿ, ಆ ಹುಡುಗನ ತಂದೆಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತು ಬರುವಿರಾ?