ಹುಟ್ಟು, ಅಳಿವು, ಉಳಿವು

ಮೂಡಿಗೆರೆ ಸೀಮೆಯ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಬೇಸಿಗೆಯಲ್ಲಿ ಕಲ್ಲುಗಳ ಸಂದಿಯಲ್ಲಿ ನುಸುಳುವ ಸಣ್ಣ ಹಳ್ಳ. ಆಷಾಢ ಬಂತೆಂದರೆ ಅದೇ ಹಳ್ಳ ಕೆಂಪಗೆ ಉಕ್ಕುತ್ತದೆ. ಸಕಲೇಶಪುರ ದಾಟಿ, ಗೊರೂರಿನ ಅಣೆಕಟ್ಟೆಯಲ್ಲಿ ನಿಂತು, ಸುಮಾರು 245 ಕಿಲೋಮೀಟರ್ ಸಾಗಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುವಷ್ಟರಲ್ಲಿ ಅದರ ನೀರು, ಬಣ್ಣ, ಅಗಲ, ಸದ್ದು ಎಲ್ಲವೂ ಬೇರೆಯಾಗಿರುತ್ತವೆ. ಆದರೂ ಅದು ಹೇಮಾವತಿಯೇ ಎನ್ನುತ್ತಾರೆ ಜನ. ಯಾವ ಆಧಾರದ ಮೇಲೆ?

ಬದಲಾವಣೆ ಎಂಬ ಪರಿಕಲ್ಪನೆಯ ತೊಡಕು ಇಲ್ಲೇ ಶುರುವಾಗುತ್ತದೆ. ಏನೋ ಒಂದು ಬದಲಾಯಿತು ಎನ್ನಬೇಕಾದರೆ ಆ 'ಏನೋ ಒಂದು' ಮೊದಲೂ ಇರಬೇಕು, ಆಮೇಲೂ ಇರಬೇಕು. ಅದು ಪೂರ್ತಿ ಹೋಗಿಬಿಟ್ಟರೆ ಅದು ನಾಶ, ಬದಲಾವಣೆಯಲ್ಲ. ಏನೂ ಹೋಗದೆ ಹಾಗೇ ಇದ್ದರೆ ಬದಲಾವಣೆಯ ಮಾತೇ ಇಲ್ಲ. ಸುಮಾರು 2,500 ವರ್ಷಗಳ ಹಿಂದೆ ಎಫೆಸಸ್ ಪಟ್ಟಣದ ಹೆರಾಕ್ಲೈಟಸ್ ಹರಿಯುವ ಹೊಳೆಯನ್ನೇ ಮುಂದಿಟ್ಟುಕೊಂಡು ಲೋಕದ ಚಂಚಲತೆಯನ್ನು ವಿವರಿಸಿದ. ಅವನ ಕಾಲಕ್ಕೆ ಹತ್ತಿರದವನೇ ಆದ ಪಾರ್ಮೆನಿಡಿಸ್, ಇರುವುದು ಇಲ್ಲವಾಗಲಾರದು, ಹಾಗಾಗಿ ಬದಲಾವಣೆ ಎಂಬುದೇ ತೋರಿಕೆ ಎಂದ. ಭಾರತದಲ್ಲೂ ಈ ಎರಡು ತುದಿಗಳ ನಡುವೆ ಶತಮಾನಗಳ ಕಾಲ ವಾದ ನಡೆಯಿತು. ಪ್ರತಿ ಕ್ಷಣವೂ ವಸ್ತು ಹೊಸದು, ಉಳಿಯುವುದು ಕ್ಷಣಗಳ ಸರಣಿಯಷ್ಟೇ ಎಂದರು ಬೌದ್ಧ ಕ್ಷಣಿಕವಾದಿಗಳು.

ಈ ವಾದಗಳ ಅಚ್ಚುಕಟ್ಟಾದ ವಿಂಗಡಣೆಯೊಂದು ಸಿಗುವುದು ಚಿಕ್ಕಮಗಳೂರು ಜಿಲ್ಲೆಗೆ ಸೇರಿದ ಗ್ರಂಥದಲ್ಲೇ. ಹದಿನಾಲ್ಕನೆಯ ಶತಮಾನದಲ್ಲಿ ಶೃಂಗೇರಿ ಪೀಠದಲ್ಲಿದ್ದ ವಿದ್ಯಾರಣ್ಯರ ಹೆಸರಿನಲ್ಲಿರುವ 'ಪಂಚದಶಿ' ಕಾರಣ ಕಾರ್ಯವಾಗುವ ಬಗೆಯನ್ನು ಮೂರಾಗಿ ನೋಡುತ್ತದೆ. ನೂಲಿನಿಂದ ಬಟ್ಟೆಯಾದಾಗ ನೂಲಿನಲ್ಲಿ ಇರದ ಹೊಸ ವಸ್ತುವೊಂದು ಹುಟ್ಟಿತು ಎಂಬುದು ಆರಂಭವಾದ; ಇದು ನ್ಯಾಯ, ವೈಶೇಷಿಕರ ಪಕ್ಷ. ಹಾಲಿನೊಳಗೇ ಅಡಗಿದ್ದ ಮೊಸರು ಹೊರಗೆ ಬಂತು ಎಂಬುದು ಪರಿಣಾಮವಾದ, ಸಾಂಖ್ಯರದ್ದು. ಹಗ್ಗ ಹಾವಾಗಿ ಕಂಡಂತೆ, ಮೂಲವಸ್ತು ಕದಲದೆ ಬೇರೊಂದಾಗಿ ತೋರುವುದು ವಿವರ್ತ. ಶೃಂಗೇರಿಯ ಅದ್ವೈತ ನಿಲ್ಲುವುದು ಈ ಮೂರನೆಯದರ ಮೇಲೆ.

ಮೊದಲ ಎರಡು ವಾದಗಳ ಜಟಾಪಟಿಯನ್ನು ಕಾಫಿ ಸೀಮೆಯವರು ಮೂಗಿನಿಂದಲೇ ಅಳೆಯಬಹುದು. ಕಣದಲ್ಲಿ ಒಣಗಿಸಿ ಸಿಪ್ಪೆ ತೆಗೆದ ಹಸಿರು ಕಾಫಿ ಬೀಜಕ್ಕೆ ಹುಲ್ಲಿನಂಥ ವಾಸನೆ, ಅಷ್ಟೇ. ಅದನ್ನು ಸುಮಾರು 200 ಡಿಗ್ರಿ ಕಾವಿನಲ್ಲಿ ಹುರಿದಾಗ ಬೀದಿಗೆಲ್ಲ ಹಬ್ಬುವ ಘಮ ಏಳುತ್ತದೆ. ಆ ಘಮ ಬೀಜದಲ್ಲಿ ಮೊದಲೇ ಇತ್ತೇ? ಸಾಂಖ್ಯರು ಇತ್ತು ಎನ್ನುವರು. ಇಲ್ಲದಿದ್ದರೆ ಬೇರೆ ಯಾವ ಬೀಜ ಹುರಿದರೂ ಕಾಫಿಯ ಘಮ ಬರಬೇಕಿತ್ತಲ್ಲ. ನೈಯಾಯಿಕರು ಇರಲಿಲ್ಲ ಎನ್ನುವರು. ಇದ್ದಿದ್ದರೆ ಹುರಿಯುವ ಕಷ್ಟವೇಕೆ? ಇಬ್ಬರ ಮಾತಿನಲ್ಲೂ ಹುರುಳಿದೆ. ಘಮ ಕೊಡುವ ನೂರಾರು ಸಂಯುಕ್ತಗಳಲ್ಲಿ ಹೆಚ್ಚಿನವು ಹುಟ್ಟುವುದೇ ಕಾವಿನಲ್ಲಿ. ಆದರೆ ಅವು ಹುಟ್ಟಲು ಬೇಕಾದ ಸಕ್ಕರೆ, ಅಮೈನೋ ಆಮ್ಲಗಳು ಹಸಿ ಬೀಜದಲ್ಲೇ ಇರುತ್ತವೆ.

ಬೆಂಕಿ ತರುವ ಬದಲಾವಣೆಗೆ ವೈಶೇಷಿಕರು ಪಾಕಜ ಎಂಬ ಪ್ರತ್ಯೇಕ ಹೆಸರನ್ನೇ ಇಟ್ಟಿದ್ದರು. ಆವೆಯಲ್ಲಿ ಸುಟ್ಟ ಕಪ್ಪು ಮಡಕೆ ಕೆಂಪಾಗುವುದು ಹೇಗೆ ಎಂಬುದು ಅವರ ಪ್ರಶ್ನೆ. ಮಡಕೆ ಒಳಗೊಳಗೇ ಪರಮಾಣುಗಳಾಗಿ ಒಡೆದು, ಪ್ರತಿ ಪರಮಾಣುವೂ ಬಣ್ಣ ಬದಲಿಸಿ, ಮತ್ತೆ ಕೂಡಿ ಮಡಕೆಯಾಗುತ್ತದೆ ಎಂದು ವೈಶೇಷಿಕರು ವಾದಿಸಿದರು. ಇದಕ್ಕೆ ಪೀಲುಪಾಕ ಎಂದು ಹೆಸರು. ಮಡಕೆ ಮಡಕೆಯಾಗಿದ್ದುಕೊಂಡೇ ಬಣ್ಣ ಪಡೆಯುತ್ತದೆ ಎಂದರು ನೈಯಾಯಿಕರು, ಅದು ಪಿಠರಪಾಕ. ಹುರಿಯುವ ಡ್ರಮ್ಮಿನೊಳಗಿನ ಕಾಫಿ ಬೀಜ ಉಬ್ಬಿ, ತೂಕ ಇಳಿದು, ಕಂದಾದರೂ ತನ್ನ ಆಕಾರ ಬಿಡುವುದಿಲ್ಲ. ಒಳಗೆ ಮಾತ್ರ ಅಣುಗಳು ಮುರಿದು ಬೇರೆ ಜೋಡಣೆಗೆ ಬಂದಿರುತ್ತವೆ. ಪ್ರಯೋಗಾಲಯವಿಲ್ಲದ ಕಾಲದಲ್ಲಿ ಪ್ರಶ್ನೆಯನ್ನು ಇಷ್ಟು ಸೂಕ್ಷ್ಮವಾಗಿ ಕೇಳಿಕೊಂಡದ್ದು ದೊಡ್ಡ ಸಂಗತಿ.

ಆದರೆ ಈ ಬೆಟ್ಟಗಳಿಗೆ ಹೆಚ್ಚು ಒಪ್ಪುವ ಉತ್ತರ ಕಳಸದ ಕಡೆಯಿಂದ ಬರುತ್ತದೆ. ಕಳಸ, ಕಾರ್ಕಳಗಳನ್ನು ಆಳಿದ ಭೈರರಸರು ಜೈನರು; 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯ ಆ ಮನೆತನದವನೇ. ಅವರ ಮತದ ಮೂಲಗ್ರಂಥಗಳಲ್ಲೊಂದಾದ, ಉಮಾಸ್ವಾತಿಯ 'ತತ್ತ್ವಾರ್ಥಸೂತ್ರ' ಇರುವಿಕೆಯನ್ನೇ ಮೂರು ಎಳೆಗಳಲ್ಲಿ ಹೆಣೆಯುತ್ತದೆ: ಉತ್ಪಾದ, ವ್ಯಯ, ಧ್ರೌವ್ಯ. ಹುಟ್ಟು, ಅಳಿವು, ಉಳಿವು ಮೂರೂ ಒಂದೇ ವಸ್ತುವಿನಲ್ಲಿ ಏಕಕಾಲಕ್ಕೆ ನಡೆಯುತ್ತವೆ, ಮೂರೂ ನಿಜ. ಜೈನ ತಾರ್ಕಿಕ ಸಮಂತಭದ್ರ 'ಆಪ್ತಮೀಮಾಂಸೆ'ಯಲ್ಲಿ ಇದಕ್ಕೊಂದು ನಿದರ್ಶನ ಕೊಡುತ್ತಾನೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದರೆ ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನವಷ್ಟೇ ಸಾಕೆಂದವನಿಗೆ ಎರಡೂ ಇಲ್ಲ. ಮೂವರ ಭಾವಕ್ಕೂ ವಸ್ತುವಿನಲ್ಲೇ ಕಾರಣವಿದೆ, ಯಾರದ್ದೂ ಭ್ರಮೆಯಲ್ಲ ಎಂಬುದು ಅವನ ವಾದದ ಬಲ.

ತೋಟಗಳಲ್ಲಿ ಇದು ಈಗಲೂ ಕಾಣುತ್ತದೆ. ಬಾಳೆಹೊನ್ನೂರು ಬಳಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ, ಕೆಂಟ್ ಮತ್ತು ಎಸ್. 288 ತಳಿಗಳನ್ನು ಕೂಡಿಸಿ ಎಸ್. 795 ಎಂಬ ಅರೇಬಿಕಾ ತಳಿ ಕೊಟ್ಟಿತು. ಅದು ಮಲೆನಾಡಿನ ತುಂಬ ಹಬ್ಬಿತು. ಈಗ ಕಾಂಡಕೊರಕದ ಕಾಟಕ್ಕೆ ಬೇಸತ್ತ ಬೆಳೆಗಾರರು ಅನೇಕ ಕಡೆ ಅರೇಬಿಕಾ ಕಿತ್ತು ರೊಬಸ್ಟಾ ಹಾಕುತ್ತಿದ್ದಾರೆ. ಅರೇಬಿಕಾ ಬೆಳೆಸಿದ ಅಜ್ಜನಿಗೆ ತೋಟ ಹೋಯಿತೆಂಬ ಸಂಕಟ, ಮೊದಲ ರೊಬಸ್ಟಾ ಕುಯ್ಲು ಕಂಡ ಮೊಮ್ಮಗನಿಗೆ ತೋಟ ಬಂತೆಂಬ ಹಿಗ್ಗು. ಪಹಣಿಯಲ್ಲಿ ಅದೇ ಸರ್ವೆ ನಂಬರು. ಸಮಂತಭದ್ರನ ಮೂವರೂ ಇಲ್ಲಿದ್ದಾರೆ.

ವಿವರ್ತ ಮತ್ತು ಪರಿಣಾಮಗಳು ಅಳಿವಿಗೆ ಸಾಕಷ್ಟು ಜಾಗ ಕೊಡುವುದಿಲ್ಲ. ಮೊದಲನೆಯದಕ್ಕೆ ಅಳಿವು ತೋರಿಕೆ, ಎರಡನೆಯದಕ್ಕೆ ಅದು ಮರಳಿ ಅಡಗುವಿಕೆ. 2019ರ ಆಗಸ್ಟ್‌ನ ಮಳೆಗೆ ಮೂಡಿಗೆರೆ ಸೀಮೆಯ ಮಲೆಮನೆ, ಮಧುಗುಂಡಿ, ಚನ್ನಹಡ್ಲು, ಆಲೇಖಾನ್ ಹೊರಟ್ಟಿಯ ಕಡೆ ಗುಡ್ಡಗಳು ಜಾರಿದವು. ಮನೆ, ಗದ್ದೆ, ತೋಟಗಳು ಮಣ್ಣಿನಡಿ ಸೇರಿದವು. ಮಣ್ಣಿನ ಒಂದು ಕಣವೂ ನಾಶವಾಗಲಿಲ್ಲ ಎಂದು ಜೈನ ತಾರ್ಕಿಕನೂ ಹೇಳಬಲ್ಲ, ಪುದ್ಗಲ, ಅಂದರೆ ಜಡದ್ರವ್ಯ, ಉಳಿದೇ ಇದೆ. ಆದರೆ ಅಷ್ಟಕ್ಕೇ ನಿಲ್ಲಲು ಅವನ ಸೂತ್ರವೇ ಬಿಡುವುದಿಲ್ಲ. ಧ್ರೌವ್ಯದಷ್ಟೇ ವ್ಯಯವೂ ನಿಜ. ಹಳ್ಳಕ್ಕೆ ಬಂದು ಬಿದ್ದ ಕೆಸರು ಮೊನ್ನೆಯವರೆಗೆ ಮೆಣಸಿನ ಬಳ್ಳಿ ಹಬ್ಬಿಸಿದ ನೆಲ. ಈಗ ಆ ನೆಲವಿಲ್ಲ. ಅಲ್ಲಿನ ಕುಟುಂಬಗಳು ಬದಲಿ ಜಾಗ ಕೇಳಿದ್ದು ಈ ವ್ಯಯದ ಲೆಕ್ಕದಲ್ಲೇ.