ಬಿಟ್ಟುಕೊಟ್ಟ ಪಾಯಿಂಟು

ಶಿರೋಳ ತಾಲೂಕಿನ ದಾನೋಳಿ. ಸಾಲೆಯ ಕ್ರೀಡಾಕೂಟ ಮುಗಿದ ಸಂಜೆ ಮೂವರು ಕಟ್ಟೆಯ ಮೇಲೆ ಕೂತಿದ್ದಾರೆ: ಆಟ ಕಲಿಸುವ ಮಾಸ್ತರ, ಒಂದು ಕಾಲಕ್ಕೆ ಕಬಡ್ಡಿಯಲ್ಲಿ ಎಡ ಕಾರ್ನರ್ ಆಗಿದ್ದ ಕಾಕಾ, ಸಾಲೆಯಿಂದ ನಿವೃತ್ತರಾದ ಬಾಯಿ. ಮೂವರೂ ಕಲ್ಪನೆಯವರು; ಅವರು ಹೆಸರು ಹಿಡಿದು ಹೇಳುವ ಆಟಗಾರರು ಮಾತ್ರ ನಿಜದವರು.

ಕಾಕಾ: ಮಾಸ್ತರ, ಆ ಹುಡುಗನ ರೇಡ್ ನೋಡಿ ಊರೆಲ್ಲಾ ಚಪ್ಪಾಳಿ ಹೊಡೀತು. ನನ್ನ ಕೈ ಮಾತ್ರ ಏಳಲಿಲ್ಲ.

ಮಾಸ್ತರ: ಯಾಕ ಕಾಕಾ? ಹುಟ್ಟಿದಾಗಿಂದ ಪಾದ ಒಳಗ ತಿರುಗಿದ ಹುಡುಗ. ಇಷ್ಟು ವರ್ಷ ಮಗ್ಗಲಕ ಕುಂತು ಸ್ಕೋರ್ ಬರದಾನ. ಇವತ್ತ ಇಬ್ಬರನ್ನ ಮುಟ್ಟಿ ಗೆರಿ ದಾಟಿದ. ಎದುರಿನವರು ಮನಸ್ಸು ಮಾಡಿ ದಾರಿ ಬಿಟ್ರು. ಇದಕ್ಕಿಂತ ದೊಡ್ಡ ಖಿಲಾಡುವೃತ್ತಿ ಏನೈತಿ?

ಕಾಕಾ: ಪಾದ ಕೈಗೆ ಬಂದಾಗ ಕಾರ್ನರ್‌ದವ ಕೈ ಹಿಂದಕ್ಕ ತಗೊಂಡ. ಚೇನ್ ಹಿಡದಿದ್ದ ಇಬ್ಬರು ಕೈ ಬಿಟ್ಟು ನಕ್ಕರು. ಗೆರಿ ದಾಟಿದ ಮ್ಯಾಲ ಹುಡುಗ ಕುಣದನೇನು? ನೆಟ್ಟಗ ನೀರಿನ ಟಾಕಿಗೆ ಹೋಗಿ ಮಾರಿ ತೊಳಕೊಂಡ. ಅಂವಂಗ ಎಲ್ಲಾ ತಿಳದಿತ್ತು.

ಮಾಸ್ತರ: ಹಿಡದು ಕೆಡವಿದ್ರ? ಅವರವ್ವ ಮುಂದಿನ ಸಾಲಿನ್ಯಾಗ ಕುಂತಿದ್ಳು.

ಕಾಕಾ: ಕಟು ಅನಸ್ತದ, ಆದ್ರೂ ಹೇಳ್ತೀನಿ. ಹಿಡದು ಔಟ್ ಮಾಡಾಕ ಧೈರ್ಯ ಇಲ್ಲದ್ರ ಒಳಗ ಕಳಸಬಾರದು.

ಬಾಯಿ: ಕಳಸಬೇಕು, ಹಿಡೀಲೂ ಬೇಕು. ಮಗ್ಗಲಿನ ಸಾಂಗಲಿ ಜಿಲ್ಲಾದ ಕರಗಣಿಯಿಂದ ಸಚಿನ ಖಿಲಾರಿ ಬಂದಾನಲ್ಲ, ಒಂದು ಕೈ ಊನ ಇದ್ದಂವ, 2024ರಾಗ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ದಾಗ ಗುಂಡು 16.32 ಮೀಟರ್ ಎಸದ. ಕೆನಡಾದ ಗ್ರೆಗ್ ಸ್ಟೀವರ್ಟ್ 16.38. ಆರು ಸೆಂಟಿಮೀಟರ್‌ದಾಗ ಬಂಗಾರ ಹೋತು. ಸ್ಟೀವರ್ಟ್ ಅದನ್ನ ಪಾಪ ಅಂತ ಬಿಟ್ಟುಕೊಟ್ಟಿದ್ರ, ಆ ಬಂಗಾರ ಮನ್ಯಾಗ ತೂಗ ಹಾಕಾಕ ಖಿಲಾರಿಗೆ ಮನಸ್ಸಾಗ್ತಿತ್ತೇನು?

ಮಾಸ್ತರ: ಅಲ್ಲಿ ಕೈ ಊನಾದವರ ಎದುರಿಗೆ ಕೈ ಊನಾದವರು, ಬಾಯಾರ. ಇಸ್ಲಾಮಪುರದ ಮುರಳೀಕಾಂತ ಪೇಟಕರರೂ ಹಂಗ. 1965ರ ಯುದ್ಧದಾಗ ಗುಂಡು ತಿಂದು, 1972ರಾಗ ಹೈಡಲ್‌ಬರ್ಗ್‌ದಾಗ 50 ಮೀಟರ್ ಈಜಿ ದೇಶಕ್ಕ ಮೊದಲನೇ ಪ್ಯಾರಾಲಿಂಪಿಕ್ ಬಂಗಾರ ತಂದ್ರು. ನನ್ನ ಸಾಲ್ಯಾಗ ಅಂಥಾ ಕಾಲಿನ ಹುಡುಗ ಒಬ್ಬನ ಅದಾನ. ಒಬ್ಬನ್ನ ಇಟಗೊಂಡು ಯಾವ ಗುಂಪು ಮಾಡ್ಲಿ?

ಕಾಕಾ: ಅದಕ ಅಂದೆ, ಸ್ಕೋರ್ ಬರೀಲಿ. ಆಟಕ್ಕ ಅದರದೊಂದು ಕಟ್ಟು ಐತಿ. ಇವತ್ತ ಒಬ್ಬನ ಸಲುವಾಗಿ ಸಡಿಲ ಮಾಡಿದ್ರ ನಾಳೆ ಇನ್ನೊಬ್ಬ ಬರ್ತಾನ.

ಬಾಯಿ: ನಿಮ್ಮಂಗ ಮಾತಾಡಿದವರು ಅಮೇರಿಕಾದ ಸುಪ್ರೀಂ ಕೋರ್ಟಿನ್ಯಾಗ ಒಬ್ಬರಿದ್ರು. ಕೇಸಿ ಮಾರ್ಟಿನ್ ಅಂತ ಗಾಲ್ಫ್ ಆಟಗಾರ, ಕಾಲಿನ ರಕ್ತನಾಳದ ರೋಗ. ಸಣ್ಣ ಗಾಡ್ಯಾಗ ಕುಂತು ಹೋಗ್ತೀನಿ ಅಂದ. ನಡದು ದಣಿಯೂದೂ ಆಟದಾಗ ಬರ್ತದ, ಗಾಡಿ ಇಲ್ಲ ಅಂದ್ರು ಆಡಸವ್ರು. 2001ರಾಗ ಏಳು ಮಂದಿ ನ್ಯಾಯಾಧೀಶರು ಮಾರ್ಟಿನ್ ಕಡೆ, ಇಬ್ಬರು ವಿರುದ್ಧ. ಗಾಲ್ಫಿನ ಜೀವ ಚೆಂಡು ಹೊಡಿಯೂದ್ರಾಗ ಐತಿ, ನಡಿಗ್ಯಾಗಲ್ಲ ಅಂತ ತೀರ್ಪು. ವಿರುದ್ಧ ಬರದ ಸ್ಕಾಲಿಯಾ, ಆಟದ ನಿಯಮ ಎಲ್ಲಾ ಮನಸ್ಸಿಗೆ ಬಂದಂಗ ಮಾಡಿಕೊಂಡದ್ದ, ಅದರಾಗ ಇದು ಜೀವ, ಇದಲ್ಲ ಅಂತ ಹೇಳಾವರು ನಾವ್ಯಾರು ಅಂದ್ರು.

ಕಾಕಾ: ಶ್ಯಾಣ್ಯಾ ಮನುಷ್ಯಾ.

ಬಾಯಿ: ಶ್ಯಾಣ್ಯಾ ಹೌದು. ಆದ್ರ ನೀವು ಮಣ್ಣಿನ ಮ್ಯಾಲ ಹುತುತು ಆಡಿದವರು. ಈಗ ಮ್ಯಾಟ್ ಬಂತು, ಬೂಟು ಬಂದ್ವು, ರೇಡಿಗೆ 30 ಸೆಕೆಂಡಿನ ಗಡಿಯಾರ ಬಂತು. ಆದ್ರೂ ರಾತ್ರಿ ಟಿವಿ ಮುಂದಿಂದ ಏಳೂದಿಲ್ಲ. ಅದು ಕಬಡ್ಡಿನ ಅಂತ ನಿಮಗ ಹೆಂಗ ಗೊತ್ತಾಗ್ತದ?

ಕಾಕಾ: (ತಡೆದು) ಒಬ್ಬಂವ ಏಳು ಮಂದ್ಯಾಗ ಹೋಗ್ತಾನ. ದಮ್ಮು ಹಿಡೀತಾನ. ಮುಟ್ಟೂದು, ಹಿಡಿಯೂದು, ಗೆರಿಗೆ ತಿರುಗಿ ಬರೂದು. ಅಷ್ಟ.

ಬಾಯಿ: ಅಷ್ಟರಾಗ ಎರಡೂ ಕಾಲು ನೆಟ್ಟಗಿರಬೇಕು ಅನ್ನೂದು ಎಲ್ಲೈತಿ?

ಕಾಕಾ: ಎಲ್ಲೂ ಇಲ್ಲ. ಗೆಲ್ಲಾಕ ಬೇಕಲ್ಲ, ಬಾಯಾರ.

ಮಾಸ್ತರ: ಮೈಸೂರಿನ ಬಿ.ಎಸ್. ಚಂದ್ರಶೇಖರ ಅವರ ಬಲಗೈ ಪೋಲಿಯೋದಿಂದ ಸೊರಗಿತ್ತು. ಅದೇ ಕೈಲೆ ಲೆಗ್ ಸ್ಪಿನ್, ಫೀಲ್ಡಿಂಗಿಗೆ ನಿಂತ್ರ ಎಡಗೈಲೆ ಎಸೀತಿದ್ರು. 58 ಟೆಸ್ಟಿಗೆ 242 ವಿಕೆಟ್. 1971ರಾಗ ಓವಲ್‌ದಾಗ 38 ರನ್ನಿಗೆ ಆರು ವಿಕೆಟ್ ಕಿತ್ತು ಇಂಗ್ಲೆಂಡನ್ನ ಮಲಗಿಸಿದ್ರು.

ಬಾಯಿ: ಚಂದ್ರಶೇಖರರನ್ನ ಇಂಥಾ ಮಕ್ಕಳ ತಲಿ ಮ್ಯಾಲ ಹೊರಸಬ್ಯಾಡ್ರಿ. ಕಾಲು ನೆಟ್ಟಗಿದ್ದ ನಿಮ್ಮ ಹುಡುಗುರಾಗ ತಾಲೂಕು ದಾಟಿದವರು ಎಷ್ಟು ಮಂದಿ? ದಾಟದವರನ್ನೂ ದಿನಾ ಸಂಜಿಕ ಆಡಸ್ತೀರಿ. ಪಾದ ತಿರುಗಿದಂವ ಮಾತ್ರ ಪವಾಡ ಮಾಡಿ ತೋರಸಬೇಕೇನು? ಸಾದಾ ಆಟಗಾರ ಆಗಿ ಇರಾಕ ಅಂವಂಗ ಬಿಡ್ರಿ.

ಕಾಕಾ: ಇರ್ರಿ, ಅಂವ ಸಾದಾ ಅಲ್ಲ. ಅಂವನ ಮಣಿಕಟ್ಟು ನೋಡೀರೇನು? ಕಾಲಿನ ಕೆಲಸಾನೂ ಕೈಲೆ ಮಾಡಿ ಮಾಡಿ ಪೈಲ್ವಾನನ ಕೈ ಆಗ್ಯಾವು. ಅಂಥಾವನ್ನ ರೇಡಿಗೆ ಯಾಕ ಕಳಿಸಿದ್ರಿ? ಮಂದಿಗೆ ಕಾಣಲಿ ಅಂತ. ಕಾರ್ನರ್‌ಗೆ ಓಟ ಬ್ಯಾಡ. ಮೈ ತಗ್ಗಿಸಿ ಕಾಯಬೇಕು. ರೇಡರ್ ಬೋನಸ್‌ಗೆ ಕಾಲು ಚಾಚ್ತಾನ, ಆ ಹೊತ್ತಿಗೆ ಗಿಣ್ಣು ಎರಡೂ ಕೈಲೆ ಹಿಡದು ಎದಿಗೆ ಎಳಕೋಬೇಕು. ಬೆರಳಷ್ಟ ಹಿಡದ್ರ ಜಾರ್ತದ. ಸೋಮವಾರದಿಂದ ನಾ ಬರ್ತೀನಿ. ಒಂದ ಕರಾರು: ಅಂವ ಹಿಡದಾಗ ಯಾವ ರೇಡರೂ ಸುಮ್ಮ ಬೀಳಬಾರದು.

ಮಾಸ್ತರ: ಅಂವ ನಿಂತ ಮೂಲಿನ ಎಲ್ಲಾರೂ ಹುಡುಕಿ ಹೋಗ್ತಾರ, ಕಾಕಾ. ನಮ್ಮ ಹುಡುಗುರ ಅಂವನ್ನ ತಂಡಕ್ಕ ಬ್ಯಾಡ ಅಂತಾರ.

ಬಾಯಿ: ಬೇಕು ಅನ್ನುವಂಗ ನಿಯಮ ಮಾಡ್ರಿ. ಅಂಧರ ಕ್ರಿಕೆಟ್ ನೋಡ್ರಿ. ಹನ್ನೊಂದರಾಗ ಪೂರಾ ಕಣ್ಣು ಕಾಣದವರು ಕಡಿಮಿ ಅಂದ್ರ ನಾಕು ಮಂದಿ ಇರಬೇಕು, ಅವರು ಹೊಡದ ರನ್ನಿಗೆ ಎರಡು ಪಟ್ಟು ಲೆಕ್ಕ. ಶಿವಮೊಗ್ಗ ಕಡೆಯ ಶೇಖರ ನಾಯ್ಕರು ಕಪ್ತಾನ ಆಗಿ 2012ರಾಗ ಟಿ-20 ವಿಶ್ವಕಪ್ ಗೆದ್ರು. ಅಂಥಾ ಆಟದಾಗ ಕಪ್ತಾನಂಗ ಕರುಣೆ ಬೇಕಾಗಿಲ್ಲ, ಲೆಕ್ಕ ಬಂದ್ರ ಸಾಕು. ನಿಮ್ಮ ಸಾಲಿ ಒಳಗಿನ ಆಟದಾಗ ಅಂವನ ಪಕಡಿಗೆ ಎರಡು ಪಾಯಿಂಟ್ ಇಡ್ರಿ, ನೋಡೂಣು.

ಕಾಕಾ: ಅದೂ ದಾನನ ಆತಲ್ಲ. ಒಂದು ಕೊಡೂದಿತ್ತು, ಎರಡು ಕೊಟ್ರಿ.

ಬಾಯಿ: ಕೊಲ್ಲಾಪುರದ ಖಾಸಬಾಗ ಮೈದಾನಕ್ಕ ಕುಸ್ತಿ ನೋಡಾಕ ಹೋಗ್ತೀರಿ. ಜೋಡ ಹಚ್ಚೂದು ಯಾಕ?

ಕಾಕಾ: ಸಮಾ ಇಲ್ಲದ ಜೋಡ ಹಚ್ಚಿದ್ರ ಇಬ್ಬರಿಗೂ ಅವಮಾನ. ನೋಡಾವರೂ ಬೈತಾರ.

ಬಾಯಿ: 1952ರಾಗ ಹೆಲ್ಸಿಂಕಿ ಒಲಿಂಪಿಕ್ಸ್‌ದಾಗ ಪೈಲ್ವಾನ ಖಾಶಾಬಾ ಜಾಧವರು ಕಂಚು ತಂದದ್ದು ಬ್ಯಾಂಟಮ್‌ವೇಟ್‌ದಾಗ. ಹೆವಿವೇಟ್ ಪೈಲ್ವಾನರ ಮುಂದ ನಿಂತಿರಲಿಲ್ಲ. ಅದಕ್ಕ ಅದು ದಾನದ ಕಂಚು ಅಂತ ಯಾರರ ಅಂದಾರೇನು? ಕುಸ್ತಿ ಶುರು ಆಗೂಕಿಂತ ಮೊದಲ, ಎಲ್ಲಾರ ಎದುರಿಗೆ ಮಾಡಿದ ನಿಯಮ ಅದು. ನಿಮ್ಮ ಹುಡುಗುರು ಇವತ್ತ ಕೈ ಹಿಂದ ತಗೊಂಡದ್ದು ಆಟ ನಡದಾಗ, ಕಣ್ಣು ಹೊಡದು.

ಕಾಕಾ: ಹಾಂ. ಅದು ಬ್ಯಾರೆ. ಒಪ್ಪಿದೆ.

ಮಾಸ್ತರ: ತಾಲೂಕಿನ ಪಂದ್ಯಾಟದಾಗ ಈ ನಿಯಮ ಯಾರು ಕೇಳ್ತಾರ?

ಬಾಯಿ: ಅಲ್ಲಿ ಕೇಳೂದಿಲ್ಲ. ಅಂಗವಿಕಲರ ಹಕ್ಕಿನ 2016ರ ಕಾಯದೆದಾಗ 16ನೇ ಕಲಮು, ಆಟದಾಗೂ ಸರೀಕರಂಗ ಅವಕಾಶ ಕೊಡ್ರಿ ಅಂತ ಸಾಲಿಗೋಳಿಗೆ ಹೇಳ್ತದ. ಹೆಂಗ ಅನ್ನೂದನ್ನ ನಮಗ ಬಿಟ್ಟದ. ಕಿವಿ ಕೇಳದ ಆ ಎಂಟನೇತ್ತದ ಹುಡುಗಿ 100 ಮೀಟರ್‌ದಾಗ ದಿನಾ ತಡಾ ಬಿಡ್ತಾಳ ಅಂತ ಬೈತಿದ್ರಲ್ಲ. ಆಕಿ ಸೀಟಿ ಕೇಳೂದಿಲ್ಲ, ಮಗ್ಗಲದಾಕಿ ಭುಜ ಅಳ್ಳಾಡೂದನ್ನ ನೋಡಿ ಓಡ್ತಾಳ. ಸೀಟಿ ಜೋಡಿ ಒಂದು ವಸ್ತ್ರ ಬೀಸ್ರಿ. ಅದಕ್ಕ ತಾಲೂಕಿನವರನ್ನ ಕೇಳೂದೇನೈತಿ?

ಮಾಸ್ತರ: ಅದು ಸಸಾರ. ನನಗ ನಿದ್ದಿ ಕೆಡಸೂ ಮಗು ಬ್ಯಾರೆ. ಐದನೇತ್ತದಾಕಿ, ಬುದ್ಧಿ ನಿಧಾನ. ಖೋಖೋದಾಗ ಔಟ್ ಆದ್ರೂ ನಗ್ತಾಳ, ಉಳದ್ರೂ ನಗ್ತಾಳ. ಯಾರು ಗೆದ್ರು ಅನ್ನೂದ ಆಕಿಗೆ ಇಲ್ಲ. ಅಲ್ಲಿ ನಿಮ್ಮ ‘ಹಿಡೀಬೇಕು’ ನಡೀತದೇನು?

ಕಾಕಾ: ಅಲ್ಲಿ ಬಿಡ್ಲಿ. ಆಕಿಗೇನು ಅವಮಾನ?

ಬಾಯಿ: ಆಕಿಗೆ ಇಲ್ಲ. ಬಿಟ್ಟು ಬಿಟ್ಟು ರೂಢಿ ಆದ ಹುಡುಗ್ಯಾರಿಗೆ ಆಕಿ ಗೊಂಬಿ ಆಗ್ತಾಳ. ಬುದ್ಧಿ ನಿಧಾನ ಇದ್ದವರಿಗೆ ಅಂತ 1968ರಾಗ ಶುರುವಾದ ಸ್ಪೆಶಲ್ ಒಲಿಂಪಿಕ್ಸ್‌ದಾಗೂ ಮೊದಲ ಆಡಿಸಿ ನೋಡಿ ಸಮಾ ಇದ್ದವರನ್ನ ಕೂಡಸ್ತಾರ.

ಕಾಕಾ: ಅಲ್ಲೂ ಜೋಡ. ಹಂಗಾದ್ರ ಮೂರನೇತ್ತದವರ ಜೋಡಿ ಆಡಸ್ರಿ.

ಬಾಯಿ: ಅವರು ಬರೂ ವರ್ಷ ನಾಕನೇತ್ತಕ್ಕ ಹೋಗ್ತಾರ. ಆಕಿ?

ಮಾಸ್ತರ: ಆಕಿಗೆ ಒಂದು ಪಕ್ಕಾ ಬರ್ತದ, ಬಾಯಾರ. ಸಾಲಿನ್ಯಾಗ ಕೂಡೂ ಹುಡುಗ್ಯಾರು ಮಾರಿ ಯಾವ ಕಡೆ ಮಾಡಬೇಕು ಅನ್ನೂದನ್ನ ಮರೀತಾರ. ಒಬ್ಬಾಕಿ ಈ ಕಡೆ, ಮುಂದಿನಾಕಿ ಆ ಕಡೆ. ಆಕಿ ಮರಿಯೂದಿಲ್ಲ. ತಪ್ಪಿ ಕುಂತಾಕಿನ್ನ ಭುಜ ಹಿಡದು ತಿರುಗಿಸಿ ಕೂಡಸ್ತಾಳ.

ಬಾಯಿ: ಅದನ್ನ ನೀವು ನೋಡೀರೋ, ಇಲ್ಲಾ ನಮಗ ಸಮಾಧಾನ ಆಗ್ಲಿ ಅಂತ ಹೇಳ್ತೀರೋ?

ಮಾಸ್ತರ: ನೋಡೀನಿ. ಪ್ರ್ಯಾಕ್ಟೀಸಿನ್ಯಾಗ ದಿನಾ ನೋಡ್ತೀನಿ.

ಕಾಕಾ: ಹಂಗಾದ್ರ ಆಕಿನ್ನ ಐದನೇತ್ತದ ತಂಡದಾಗ ಇಟಗೋರಿ, ಮೊದಲನೇ ಚೌಕದಾಗ ಕೂಡಸ್ರಿ. ಖೋ ಸಿಗೂಕಿಂತ ಮೊದಲ ಎದ್ದಳಂದ್ರ ಫೌಲ್ ಹಿಡೀರಿ ಮತ್ತ.