ಇಂದಿನ ಚಿಂತನೆ: ಸಾಕ್ಷಿ ಕಟಕಟೆಯಲ್ಲಿ ನಾಲ್ಕನೆಯ ಶೀಲ



ಸುಳ್ಳು ಎಂದರೇನು? ಸಾಲೆಯ್ಯಕ ಸುತ್ತದಲ್ಲಿ ಭಗವಾನ್ ಬುದ್ಧರು ಇದನ್ನು ವಿವರಿಸಲು ಸಾಕ್ಷಿಯ ಉದಾಹರಣೆಯನ್ನೇ ಕೊಡುತ್ತಾರೆ. ಸಭೆಗೋ ಅರಮನೆಗೋ ಸಾಕ್ಷಿಯಾಗಿ ಬಂದವನು ಗೊತ್ತಿಲ್ಲದ್ದನ್ನು ಗೊತ್ತು ಎಂದರೂ, ಗೊತ್ತಿರುವುದನ್ನು ಗೊತ್ತಿಲ್ಲ ಎಂದರೂ ಅದು ಮುಸಾವಾದವೇ.

ಇಂದಿನ ಕ್ರಿಮಿನಲ್ ಕೋರ್ಟು ಕೇಳುವುದೂ ಇಷ್ಟನ್ನೇ. ಕಣ್ಣಾರೆ ಕಂಡದ್ದನ್ನು, ಕಿವಿಯಾರೆ ಕೇಳಿದ್ದನ್ನು ಹೇಳಬೇಕು, ಊರವರು ಆಡಿಕೊಂಡದ್ದನ್ನಲ್ಲ. ಪಾಟಿಸವಾಲಿನಲ್ಲಿ ವಕೀಲರು ಕೆಣಕಿದರೂ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡು, ಕೇಳಿದಷ್ಟಕ್ಕೆ ಉತ್ತರಿಸಬೇಕು. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎನ್ನಬಹುದು. ನಿಜಕ್ಕೂ ಮರೆತಿದ್ದರೆ 'ನೆನಪಿಲ್ಲ' ಎನ್ನುವುದೂ ಸತ್ಯವೇ. ನಮ್ಮವರು ಗೆಲ್ಲಲೆಂದು ಒಂದು ಮಾತು ಸೇರಿಸಿದರೆ ಅದು ಸುಳ್ಳು. ದೇವರ ಹೆಸರಿನಲ್ಲಿ ಆಣೆ ಇಡಲು ಒಪ್ಪದವರು ಸತ್ಯನಿಷ್ಠೆಯಿಂದ ಪ್ರಮಾಣ ಮಾಡಲು 1969ರ ಕಾಯ್ದೆಯಲ್ಲಿ ಅವಕಾಶವಿದೆ.

ಆದರೆ ಹೆದರಿ ಮಾತು ಬದಲಿಸುವವರನ್ನು ಏನೆನ್ನೋಣ? 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಜೀವಂತವಾಗಿ ಸುಡಲಾಯಿತು. ವಿಚಾರಣೆಯಲ್ಲಿ ಸಾಕ್ಷಿಗಳು ಪ್ರತಿಕೂಲವಾದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಸಾಕ್ಷಿಗಳು ಶೀಲ ಮುರಿದರು ಎಂದು ದೂರದಲ್ಲಿ ಕುಳಿತು ಹೇಳುವುದು ಸುಲಭ. ಹಳ್ಳಿಯ ಬಡವರು ಸಾಕ್ಷಿ ಹೇಳಿ ಸಂಜೆ ಅದೇ ಊರಿಗೆ ಮರಳಬೇಕು, ಬೆಳಗಾದರೆ ಅದೇ ಜನರ ಹೊಲಕ್ಕೆ ಕೂಲಿಗೆ ಹೋಗಬೇಕು.

ಭಯದಿಂದ ಹೇಳಿದರೂ ಸುಳ್ಳು ಸುಳ್ಳೇ. ಅದರಿಂದ ಸತ್ತವರಿಗೆ ನ್ಯಾಯ ತಪ್ಪುತ್ತದೆ. ಆದರೆ ಅದರ ಹೊರೆ ಹೇಳಿದವರೊಬ್ಬರದೇ ಅಲ್ಲ. ಅವರನ್ನು ಒಂಟಿಯಾಗಿ ಬಿಟ್ಟ ನಮ್ಮೆಲ್ಲರದೂ ಹೌದು.

ಭಯಕ್ಕೆ ಕಾನೂನಿನಲ್ಲಿ ಆಸರೆ ಇದೆ. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ರಕ್ಷಣೆ ಕೋರಿ ಅರ್ಜಿ ಹಾಕಬಹುದು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಮಿನಂತೆ ಸಾಕ್ಷಿಗೆ ರಕ್ಷಣೆಯಷ್ಟೇ ಅಲ್ಲ, ಪ್ರಯಾಣದ ಖರ್ಚೂ ಸಿಗಬೇಕು. ಇದನ್ನು ತಿಳಿಯದವರಿಗೆ ತಿಳಿಸೋಣ. ಅರ್ಜಿ ಬರೆದುಕೊಡೋಣ. ಸಮನ್ಸ್ ಬಂದ ದಿನ ಅವರ ಜೊತೆ ಬಸ್ಸು ಹತ್ತೋಣ, ಕೋರ್ಟಿನ ಹೊರಗಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂರೋಣ. ಏನು ಹೇಳಬೇಕೆಂದು ಮಾತ್ರ ಹೇಳಿಕೊಡುವುದು ಬೇಡ. ಆ ಮಾತು ಅವರದೇ ಆಗಿರಬೇಕು.

ಪಂಚಶೀಲವನ್ನು ನಾವು ಒಟ್ಟಾಗಿ ಕುಳಿತು ಸ್ವೀಕರಿಸುತ್ತೇವೆ. ಅದನ್ನು ಪಾಲಿಸುವ ಕಷ್ಟದ ದಿನ ಯಾರೂ ಒಬ್ಬರೇ ಹೋಗುವಂತಾಗದಿರಲಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ 🙏